ಕರೆಯುವವನನ್ನು ಕರೆಯುವ ಬಗೆ

ಬೆಳಗಾವಿಯ ಸದಾಶಿವನಗರದ ಆ ಓಣಿಯಲ್ಲಿ ಯಾರ ಮನೆಯಲ್ಲಿ ಲಗ್ನ ಗೊತ್ತಾದರೂ ಮೊದಲು ಕಲ್ಯಾಣ ಮಂಟಪ ನೋಡುತ್ತಿದ್ದರು, ಆಮೇಲೆ ಅಡಿಗೆಯವರನ್ನು ಹಿಡಿಯುತ್ತಿದ್ದರು, ಅದಾದ ಮೇಲೆ ರಾಮಲಿಂಗನ ಮನೆಯ ಗಂಟೆ ಒತ್ತುತ್ತಿದ್ದರು. ನೀರಾವರಿ ಇಲಾಖೆಯ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ರಾಮಲಿಂಗ, ಮಂದಿ ಬರೆದ ಕರಡುಗಳನ್ನು ತಿದ್ದುತ್ತಲೇ ಇಷ್ಟು ವರ್ಷ ನೌಕರಿ ಮಾಡಿದವನು. ಈಗೀಗ ಹೊಟೇಲಿನ ತಿಂಡಿಪಟ್ಟಿ ಕೈಗೆ ಬಂದರೂ ಪೆನ್ನಿಗಾಗಿ ಜೇಬು ತಡವುತ್ತಿದ್ದ. ಲಗ್ನಪತ್ರಿಕೆಯೆಂದರಂತೂ ಮುಗಿಯಿತು. ಕನ್ನಡಕ ಏರಿಸಿ, "ಮೊದಲ ದೇವರ ಸಾಲು ನೋಡೂಣು. ದೇವರೊಳಗೂ ಹಿರೇರು ಕಿರೇರು ಇರ್ತಾರ" ಎಂದು ಶುರು ಮಾಡಿದರೆ, ಮನೆದೇವರು ಯಾರು, ಕುಲದೇವರು ಯಾರು, ಇಬ್ಬರಲ್ಲಿ ಬಲಕ್ಕೆ ಯಾರು ಎಡಕ್ಕೆ ಯಾರು ಎಂಬುದು ಇತ್ಯರ್ಥವಾಗುವಷ್ಟರಲ್ಲಿ ಎರಡು ಸಲ ಚಾ ಆಗಿರುತ್ತಿತ್ತು.

ಮಕ್ಕಳ ಹೆಸರಿನಲ್ಲಿ "ನಮ್ಮ ಅತ್ತಿ ಲಗ್ನಕ್ಕ ತಪ್ಪದ ಬರ್ರಿ" ಎಂದು ಕೆಳಗಿನ ಮೂಲೆಯಲ್ಲಿ ಹಾಕಿಸುವ ಈಚಿನ ಪದ್ಧತಿಯನ್ನು ಅವನು ಒಪ್ಪುತ್ತಿರಲಿಲ್ಲ. ಹಾಲುಹಲ್ಲು ಬೀಳದವರಿಗೆ ಕರೆಯುವ ಅಧಿಕಾರ ಕೊಟ್ಟವರು ಯಾರು ಎಂದು ಕೇಳುತ್ತಿದ್ದ. ಪತ್ರಿಕೆ ಬರೆಯುವುದಕ್ಕಿಂತ ಮುಟ್ಟಿಸುವ ವಿಷಯದಲ್ಲಿ ಅವನದು ಇನ್ನೂ ಬಿಗಿಯಾದ ಕಾನೂನು. ಮೊಬೈಲಿಗೆ ಬಂದದ್ದು ಸುದ್ದಿ. ಬಾಗಿಲ ಸಂದಿಯಿಂದ ತೂರಿ ಬಂದದ್ದು ಜಾಹೀರಾತು. ದಾರಿಯಲ್ಲಿ ಕೈಗೆ ಸಿಕ್ಕದ್ದು ಬರೀ ಕಾಗದ. ಗಂಡ ಹೆಂಡತಿ ಇಬ್ಬರೂ ಹೊಸ್ತಿಲು ದಾಟಿ ಒಳಗೆ ಬಂದು, ಕುಂಕುಮ ಹಚ್ಚಿ, ಬಾಯಿತುಂಬ ಹೇಳಿ ಕೊಟ್ಟದ್ದು ಮಾತ್ರ ಕರೆ. ಕರೆಯದವರ ಮನೆಗೆ ಅವನು ಹೋಗುತ್ತಿರಲಿಲ್ಲ. ಕರೆದವರ ಮನೆಗೆ ಜ್ವರವಿದ್ದರೂ ಹೋಗಿ, ಊಟ ಮಾಡಿ, ಪತ್ರಿಕೆಯಲ್ಲಿ ಉಳಿದುಹೋದ ತಪ್ಪುಗಳನ್ನು ಅವರಿಗೆ ತಿಳಿಸಿ ಬರುತ್ತಿದ್ದ.

ಈಗ ಅವನ ಮನೆಯಲ್ಲೇ ಲಗ್ನ. ಒಬ್ಬಳೇ ಮಗಳು ಲಕ್ಷ್ಮೀ. ಹುಡುಗ ಹುಕ್ಕೇರಿ ಕಡೆಯವನು, ಬ್ಯಾಂಕಿನಲ್ಲಿದ್ದಾನೆ. ಇಡೀ ಓಣಿಯೇ ಈ ಪತ್ರಿಕೆಯನ್ನು ಕಾಯುತ್ತಿತ್ತು, ಒಂದಾದರೂ ತಪ್ಪು ಸಿಗಲಿ ಎಂಬ ಆಸೆಯಿಂದ. ಕರಡೇನೋ ಯುಗಾದಿಗಿಂತ ಮೊದಲೇ ಸಿದ್ಧವಾಗಿತ್ತು. ಅದು ಅಚ್ಚಿಗೆ ಹೋಗದೆ ನಿಂತದ್ದು ಖಾನಾಪುರದ ಯಲ್ಲೇಶನಿಂದ.

ಯಲ್ಲೇಶ ರಾಮಲಿಂಗನ ಹೆಂಡತಿ ಪ್ರಮಿಳಾಳ ತಮ್ಮ. ಖಾನಾಪುರದಲ್ಲಿ ಇಟ್ಟಂಗಿ ಭಟ್ಟಿ ನಡೆಸುತ್ತಾನೆ. ಎರಡು ವರ್ಷದ ಹಿಂದೆ ಮನೆ ಕಟ್ಟಿಸಿ, ವಾಸ್ತುಶಾಂತಿಯ ಕಾರ್ಡು ಮಾಡಿಸಿ, ಅದರ ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ನಾಲ್ಕು ದಿನ ಬಿಟ್ಟು ಜೋಡಿಯಾಗಿ ಬೆಳಗಾವಿಗೆ ಬಂದು ಕರೆಯುವವನಿದ್ದ. ಅಷ್ಟರಲ್ಲಿ ರಾಮಲಿಂಗ ಆ ಫೋಟೋದ ಮೇಲೆ ಕೆಂಪು ಬಣ್ಣದಲ್ಲಿ ಗೀಟು ಹಾಕಿ, ಹನ್ನೊಂದು ಕಡೆ ತಿದ್ದಿ, ಅದೇ ಗುಂಪಿಗೆ ಮರಳಿಸಿದ. ಹತ್ತು ತಿದ್ದುಪಡಿ ಯಲ್ಲೇಶ ನುಂಗಿಕೊಳ್ಳುತ್ತಿದ್ದನೇನೋ. ಹನ್ನೊಂದನೆಯದು ಅವನ ತಾಯಿ ಭರಮವ್ವನದು. ಕರೆಯುವವರ ಸಾಲಿನಲ್ಲಿ ಅವಳ ಹೆಸರು ಮೊದಲಿತ್ತು. ರಾಮಲಿಂಗ ಅದನ್ನು ಹೊಡೆದುಹಾಕಿ, ಗಂಡ ಇಲ್ಲದವರ ಹೆಸರನ್ನು ಮಂಗಲಕಾರ್ಯದಲ್ಲಿ ಕರೆಯುವವರೊಳಗೆ ಹಾಕುವ ವಾಡಿಕೆ ಇಲ್ಲವೆಂದು ಬಾಜುವಿಗೆ ಬರೆದಿದ್ದ. ಕಾರ್ಡು ಆಗಲೇ ಅಚ್ಚಾಗಿದೆ ಎಂಬುದು ತನಗೆ ಗೊತ್ತಿರಲಿಲ್ಲವೆಂದು ಅವನು ಇಂದಿಗೂ ಹೇಳುತ್ತಾನೆ, ಅದೊಂದೇ ತನ್ನ ತಪ್ಪು ಎನ್ನುವಂತೆ.

ಯಲ್ಲೇಶ ಕರೆಯಲು ಬರಲಿಲ್ಲ. ಕರೆಯಲಿಲ್ಲವೆಂದು ರಾಮಲಿಂಗ ಹೋಗಲಿಲ್ಲ. ಪ್ರಮಿಳಾ ಒಬ್ಬಳೇ ಬಸ್ಸು ಹತ್ತಿ ಹೋಗಿ ಬಂದಳು. ಬಂದ ಮೇಲೆ ಒಂದು ವಾರ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಆವತ್ತಿನಿಂದ ಭಾವ ಮೈದುನರ ನಡುವೆ ಎಲ್ಲ ನಿಂತಿತ್ತು.

"ನನ್ನ ಮಗಳ ಹಣಿಗೆ ಬಾಸಿಂಗ ನನ್ನ ತಮ್ಮನ ಕೈಲೇ ಕಟ್ಟಬೇಕು" ಎಂದಳು ಪ್ರಮಿಳಾ, ಕರಡಿನ ಮೇಲೆ ಕಡಲೆ ಆರಿಸುವ ಮೊರ ಇಟ್ಟು. ಮದುಮಗಳಿಗೆ ಬಾಸಿಂಗ ಕಟ್ಟುವವನು ಸೋದರಮಾವ. ಇದರಲ್ಲಿ ರಾಮಲಿಂಗನ ತಕರಾರೂ ಇರಲಿಲ್ಲ. "ಇಲ್ಲಾಂದ್ರ ಅಕ್ಕಿಕಾಳ ಹೊತ್ತಿನ್ಯಾಗ ನಾ ಅಡಿಗಿ ಮನ್ಯಾಗ ಹೋಗಿ ಕುಂದರ್ತೀನಿ. ನೀವ ಒಬ್ಬರ ನಿಂತು ಅಕ್ಕಿಕಾಳ ಒಗೀರಿ."

"ನಾ ಎಲ್ಲಿ ಬ್ಯಾಡ ಅಂದೀನಿ? ಬಂದು ಕಟ್ಟಲಿ."

"ಕರೀದ ಹೆಂಗ ಬರ್ತಾನ?"

"ಅಂವಾ ನನ್ನ ಕರದಿದ್ದನೇನು? ಈಗ ನಾ ಹೋಗಿ ಅವನ ಬಾಗಲದಾಗ ನಿಂತ್ರ ಮಂದಿ ಏನಂದಾರು?"

"ಯಾವ ಮಂದಿ? ಆವತ್ತ ಕಾರ್ಡಿಗೆ ಕೆಂಪ ಗೀಟ ಹೊಡದಾಗ ಎಲ್ಲಿ ಹೋಗಿತ್ತು ಈ ಮಂದಿ?" ಎಂದಳು ಪ್ರಮಿಳಾ. "ಕುಂದರ್ರಿ ಹಂಗಾದ್ರ. ಬಾಸಿಂಗ ಪೋಸ್ಟಿನ್ಯಾಗ ತರಿಸೂಣಂತ."

ಒಳಗಿನ ಕೋಣೆಯಿಂದ ಲಕ್ಷ್ಮೀ, "ಮಾಮಾ ಬರದಿದ್ರ ನಾ ಬಾಸಿಂಗ ಕಟಗೊಳಾಂಗಿಲ್ಲ, ಮೊದಲ ಹೇಳೀನಿ" ಎಂದು ಕೂಗಿದಳು. ಅವಳ ದನಿಯಲ್ಲಿ ನಗುವೂ ಇತ್ತು. ಆದರೆ ಸಣ್ಣವಳಿದ್ದಾಗಿನಿಂದಲೂ ನಗುತ್ತ ಹೇಳಿದ್ದನ್ನೇ ಅವಳು ಹಟ ಹಿಡಿದು ಮಾಡಿಸಿಕೊಂಡದ್ದು ಎಂಬುದು ತಂದೆಗೆ ಗೊತ್ತಿತ್ತು.

ಮೂರು ದಿನ ರಾಮಲಿಂಗ ಕರಡನ್ನು ಮುಂದಿಟ್ಟುಕೊಂಡು ಕೂತ. ಮೂರನೆಯ ಸಂಜೆ ಅವನಿಗೆ ದಾರಿ ಹೊಳೆಯಿತು. ಕಚೇರಿಯಲ್ಲಿ ಕೆಟ್ಟುಹೋದ ಕಡತಗಳಿಗೆ ಹೊಳೆಯುತ್ತಿದ್ದ ಹಾಗೆ, ತಪ್ಪು ಯಾರ ಮೇಲೂ ಬರದ ಹಾಗೆ. "ಆಮಂತ್ರಿಸುವವರು" ಎಂಬ ಸಾಲಿನಲ್ಲಿ ತನ್ನ ಹೆಸರು, ತನ್ನ ಅಣ್ಣಂದಿರ ಹೆಸರು ಇದ್ದವಲ್ಲ, ಅವುಗಳ ಕೆಳಗೆ ದುಂಡಗೆ ಬರೆದ: ಶ್ರೀ ಯಲ್ಲೇಶ ಮಾಯಪ್ಪ, ಖಾನಾಪುರ.

"ತಿಳೀತೇನು?" ಎಂದು ಹೆಂಡತಿಗೆ ತೋರಿಸಿದ. "ಕರಿಯೂರ ಸಾಲಿನ್ಯಾಗ ಇದ್ದಾವನ್ನ ಯಾರೂ ಕರಿಯೂದಿಲ್ಲ. ತನ್ನ ಕಾರ್ಯಕ್ರಮಕ್ಕ ತನಗ ಯಾರರೆ ಕಾರ್ಡ ಕೊಡ್ತಾರೇನು? ಅವನಿಗೆ ಮಾನ ಕೊಟ್ಟಂಗ ಆತು, ನಾ ಹೋಗೂದೂ ತಪ್ಪಿತು."

ಪ್ರಮಿಳಾ ಆ ಸಾಲನ್ನು ಓದಿದಳು. "ಮಾನ ಅವನಿಗೆ ಕೊಟ್ರೋ, ನೀವ ಇಟಗೊಂಡ್ರೋ?" ಎಂದಳು. ಆದರೂ ತಮ್ಮನ ಹೆಸರು ಅಚ್ಚಿನಲ್ಲಿ ಬರುತ್ತದಲ್ಲ ಎಂದು ಸುಮ್ಮನಾದಳು.

ಪತ್ರಿಕೆ ಅಚ್ಚಾಯಿತು. ಓಣಿಯವರು ಬೆಳಕಿಗೆ ಹಿಡಿದು ನೋಡಿದರು, ತಪ್ಪು ಸಿಗಲಿಲ್ಲ. ಮೊದಲ ಪ್ರತಿಗೆ ಅರಿಷಿಣ ಹಚ್ಚಿ ದೇವರ ಮುಂದಿಟ್ಟು, ನೂರು ಪತ್ರಿಕೆಗಳ ಒಂದು ಕಟ್ಟನ್ನು ರಾಮಲಿಂಗ ತನ್ನ ದಾಯಾದಿ ಮುತ್ತಪ್ಪನ ಕೈಯಲ್ಲಿಟ್ಟ. ಮುತ್ತಪ್ಪನದು ಆಟೋ ನಗರದಲ್ಲಿ ಗ್ಯಾರೇಜು. ಲಾರಿಗಳ ನೆಪದಲ್ಲಿ ವಾರಕ್ಕೊಮ್ಮೆಯಾದರೂ ಖಾನಾಪುರಕ್ಕೆ ಹೋಗುತ್ತಿದ್ದ.

"ಯಲ್ಲೇಶನ ಕೈಯಾಗ ಕೊಡು. ನಿಮ್ಮ ಕಡೀ ಮಂದಿಗೆ ಹಂಚಾಕ ಅಂತ ಹೇಳು."

"ನಿನ್ನೂ ಕರದಾರಪಾ, ಬಾ ಅಂತ ಹೇಳ್ಲ್ಯಾ?"

"ಅದನ್ನಂತೂ ಹೇಳಬ್ಯಾಡ."

ಮುತ್ತಪ್ಪ ಮರುದಿನ ಬಂದು ವರದಿ ಒಪ್ಪಿಸಿದ. "ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದಾ. ಒಂದ ಕಡೆ ಬೆರಳ ಇಟ್ಟು ನಕ್ಕಾ. ಆಮ್ಯಾಲ 'ನೂರು ಸಾಲಾಂಗಿಲ್ಲ ಮುತ್ತಪ್ಪಣ್ಣಾ' ಅಂದಾ."

"ನಕ್ಕನೇನು?" ಎಂದು ರಾಮಲಿಂಗ ಹೆಂಡತಿಯ ಕಡೆ ನೋಡಿದ. ಆ ನಗುವನ್ನು ಅವನು ರಾಜಿಯ ಸಹಿ ಎಂದೇ ಓದಿಕೊಂಡ. ಕಾಗದದ ಮೇಲೆ ಇಲ್ಲದ್ದನ್ನು ಓದುವ ಅಭ್ಯಾಸ ಅವನಿಗೆ ಎಂದೂ ಇರಲಿಲ್ಲ.

ವಾರ ಕಳೆಯುವುದರೊಳಗೆ ಫೋನುಗಳು ಶುರುವಾದವು. ಖಾನಾಪುರದ ಹಂಚಿನ ಕಾರ್ಖಾನೆಯವರೊಬ್ಬರು ಮರಾಠಿಯಲ್ಲಿ, ಯಲ್ಲೇಶ ಜೋಡಿಯಾಗಿ ಮನೆಗೆ ಬಂದು ಬಹಳ ಆದರದಿಂದ ಕರೆದರೆಂದೂ ಅಗತ್ಯ ಬರುತ್ತೇವೆಂದೂ ತಿಳಿಸಿದರು. ಒಬ್ಬ ಗೌಂಡಿ ಮೇಸ್ತ್ರಿ, ತನ್ನ ಕೆಲಸದವರೆಲ್ಲ ಬರಬಹುದೋ ಅಥವಾ ತಾನೊಬ್ಬನೇ ಬರಬೇಕೋ ಎಂದು ಕೇಳಿದ. ಬಸ್ ನಿಲ್ದಾಣದ ಎದುರಿನ ಚಾದಂಗಡಿಯವನು ಅಂದು ಅಂಗಡಿ ಬಂದ್ ಇಡುವುದಾಗಿ ಹೇಳಿದ. ಎಲ್ಲರ ಮಾತೂ ಒಂದೇ: ಯಲ್ಲೇಶ ಮನೆಗೆ ಬಂದಿದ್ದ, ಅವನ ಹೆಂಡತಿ ಕುಂಕುಮ ಹಚ್ಚಿದಳು, ಕೂತು ಮಾತಾಡಿದರು, ಇಂಥ ಕರೆ ಈಗಿನ ಕಾಲದಲ್ಲಿ ಯಾರು ಕರೆಯುತ್ತಾರೆ ಸಾಹೇಬರೇ? ರಾಮಲಿಂಗನಿಗೆ ಒಂದು ಕಡೆ ಹೆಮ್ಮೆಯಾಯಿತು, ಏಕೆಂದರೆ ಪದ್ಧತಿ ಅಕ್ಷರಶಃ ತನ್ನದೇ ಆಗಿತ್ತು. ಇನ್ನೊಂದು ಕಡೆ ಅಡಿಗೆಯವನಿಗೆ ಫೋನು ಮಾಡಬೇಕಾಯಿತು.

ಒಂದು ಭಾನುವಾರ ಹತ್ತೂವರೆಗೆ ಮನೆಯ ಮುಂದೆ ಕಾರು ನಿಂತಿತು. ಇಳಿದವರು ಯಲ್ಲೇಶ ಮತ್ತು ಅವನ ಹೆಂಡತಿ ಮಾಯಕ್ಕ. ಯಲ್ಲೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ತಲೆಗೆ ಬಿಳಿ ಟೊಪ್ಪಿಗೆ ಇಟ್ಟಿದ್ದ. ಮಾಯಕ್ಕ ಇಲಕಲ್ ಸೀರೆ ಉಟ್ಟು, ಕೈಯಲ್ಲಿ ಕುಂಕುಮದ ಭರಣಿ ಹಿಡಿದಿದ್ದಳು. ಎರಡು ವರ್ಷದ ಮೇಲೆ ತಮ್ಮನನ್ನು ಹೊಸ್ತಿಲಲ್ಲಿ ಕಂಡು ಪ್ರಮಿಳಾ ಕೈ ಒರೆಸುವುದನ್ನೂ ಮರೆತು ಓಡಿಬಂದಳು.

"ಬರ್ರಿ, ಒಳಗ ಬರ್ರಿ. ಕುಂದರ್ರಿ" ಎಂದು ರಾಮಲಿಂಗ ಎದ್ದು ನಿಂತ.

ಯಲ್ಲೇಶ ಕೂರಲಿಲ್ಲ. ಖಾನಾಪುರದ ಕಡೆ ಅಕ್ಕನ ಗಂಡನನ್ನು ದಾಜಿ ಎನ್ನುತ್ತಾರೆ. ಎರಡು ವರ್ಷ ಬಾಯಲ್ಲಿ ಬಾರದ ಆ ಮಾತು ಈಗ ಬಹಳ ಮೆತ್ತಗೆ ಬಂತು. "ನಿಂತೇ ಹೇಳ್ತೀನ್ರಿ ದಾಜಿ, ಕುಂತ ಹೇಳೂದು ಛಲೋ ಕಾಣಾಂಗಿಲ್ಲ. ನಮ್ಮ ಮನಿ ಲಗ್ನ ಐತ್ರಿ. ನಮ್ಮ ಲಕ್ಷ್ಮಿದು. ನೀವು, ಅಕ್ಕ, ಎಲ್ಲಾರೂ ತಪ್ಪದ ಬರಬೇಕು. ಒಂದ ದಿವಸ ಮೊದಲ ಬಂದು ನಿಂತು ಕಾರ್ಯ ಮುಗಿಸಿಕೊಡಬೇಕು."

ಮಾಯಕ್ಕ ಪ್ರಮಿಳಾಳ ಹಣೆಗೆ ಕುಂಕುಮ ಹಚ್ಚಿದಳು. ಯಲ್ಲೇಶ ಎರಡೂ ಕೈಯಿಂದ ಲಕೋಟೆ ಚಾಚಿದ. ಅದರ ಮೇಲೆ ಚಂದದ ಅಕ್ಷರದಲ್ಲಿ ಬರೆದಿತ್ತು: ಶ್ರೀ ರಾಮಲಿಂಗ ಅವರು ಹಾಗೂ ಕುಟುಂಬದವರು, ಸದಾಶಿವನಗರ.

ಕುಂಕುಮ ಹಚ್ಚಿ ಕೊಟ್ಟ ಪತ್ರಿಕೆಯನ್ನು ಬೇಡವೆನ್ನಬಾರದು. ರಾಮಲಿಂಗ ಎರಡೂ ಕೈಯಿಂದ ತೆಗೆದುಕೊಂಡ. ತೆಗೆದುಕೊಂಡ ಮೇಲೆ, "ಯಲ್ಲೇಶಾ, ಇದು ನನ್ನ ಮಗಳ ಲಗ್ನ" ಎಂದ.

"ಹೌದ್ರಿ. ಅದಕ್ಕ ಖರೇ ಅಂದ್ರ ಮೊದಲ ನಿಮ್ಮಲ್ಲೇ ಬರಬೇಕಾಗಿತ್ತು. ಖಾನಾಪುರ ಮುಗಿಸಿ ಬರೂದ್ರಾಗ ತಡಾ ಆತು, ಬೈಬ್ಯಾಡ್ರಿ."

"ನನ್ನ ನೀ ಯಾಕ ಕರೀತಿ?"

"ಕರಿಯೂರ ಸಾಲಿನ್ಯಾಗ ನನ್ನ ಹೆಸರು ಹಾಕೀರಿ. ಹಾಕಿದ ಮ್ಯಾಲ ಕರೀದ ಹೆಂಗ ಬಿಡ್ಲಿ? ನಾಳೆ ಮಂದಿ ಏನಂದಾರು? ಯಲ್ಲೇಶ ತನ್ನ ಸ್ವಂತ ಅಕ್ಕನ ಮನಿಗೆ ಹೋಗಲಿಲ್ಲ, ಕಾರ್ಡ ಕಟ್ಟಿ ಮುತ್ತಪ್ಪನ ಕೈಯಾಗ ಕಳಿಸಿಬಿಟ್ಟಾ ಅಂದ್ರ?"

ಮಾಯಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬಾಗಿಲ ಮರೆಯಲ್ಲಿದ್ದ ಲಕ್ಷ್ಮೀಗೆ ಅಷ್ಟು ತಾಳ್ಮೆ ಇರಲಿಲ್ಲ. ಜೋರಾಗಿ ನಕ್ಕೇಬಿಟ್ಟು ಹೊರಗೆ ಬಂದಳು. "ಮಾಮಾ, ನನಗ ಕಾರ್ಡ ಇಲ್ಲೇನು?"

"ಐತಿ ತಗೋಳವಾ. ನೀ ಬರದಿದ್ರ ಹೆಂಗ ಆಕ್ಕತಿ? ಇದ್ದವರೊಳಗ ನೀನ ಮುಖ್ಯ ಮನಿಶ್ಯಾಳು."

ರಾಮಲಿಂಗ ಲಕೋಟೆ ಬಿಚ್ಚಿದ. ಒಳಗಿದ್ದದ್ದು ಅವನ ಪತ್ರಿಕೆಯಲ್ಲ. ನೂರು ಸಾಲದೆ ಯಲ್ಲೇಶ ಖಾನಾಪುರದಲ್ಲಿ ಬೇರೆ ಅಚ್ಚು ಹಾಕಿಸಿದ್ದ, ಒಂದು ಬದಿಗೆ ಕನ್ನಡ, ಒಂದು ಬದಿಗೆ ಮರಾಠಿ. ದೇವರುಗಳು ಇದ್ದಲ್ಲೇ ಇದ್ದರು. ಮುಹೂರ್ತ ಸರಿಯಿತ್ತು. ಕರೆಯುವವರ ಸಾಲಿನಲ್ಲಿ ಮಾತ್ರ ಎಲ್ಲರ ಮೇಲೆ ಒಂದು ಹೆಸರು ಹೊಸದಾಗಿ ಬಂದು ಕೂತಿತ್ತು: ಶ್ರೀಮತಿ ಭರಮವ್ವ ಮಾಯಪ್ಪ. ರಾಮಲಿಂಗನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಅಲ್ಲಿಯೇ ಸ್ವಲ್ಪ ಹೊತ್ತು ಇತ್ತು. ನಾಲ್ವರೂ ಆ ಕೈಯನ್ನೇ ನೋಡುತ್ತಿದ್ದರು. ಅವನು ಬರಿಗೈ ಕೆಳಗಿಳಿಸಿ, "ಕಾಗದ ಛಲೋ ಐತಿ" ಎಂದ.

ಅವಲಕ್ಕಿಯಾಯಿತು, ಚಾ ಆಯಿತು. ಪ್ರಮಿಳಾ ತಮ್ಮನ ಮುಂದೆ ಇನ್ನೊಂದು ಬಟ್ಟಲು ಚಾ ಇಟ್ಟು ಕೇಳಿದಳು: "ಬಾಸಿಂಗ ಕಟ್ಟಾಕ ಹೊತ್ತಿಗೆ ಸರಿಯಾಗಿ ಮಂಟಪದಾಗ ಇರ್ತಿ ಹೌದಲ್ಲೋ ತಮ್ಮಾ?"

ಯಲ್ಲೇಶ ಬಟ್ಟಲು ಎತ್ತಲಿಲ್ಲ. "ಅವತ್ತ ನಾ ಬಾಗಲದಾಗ ನಿಂತಿರ್ತೀನಿ ಅಕ್ಕಾ, ಬಂದವರಿಗೆ ಕೈ ಮುಗಕೋತ. ಕರದಾವನ ಕೆಲಸ ಅದು. ಬಾಸಿಂಗ ಕಟ್ಟೂದು ಸೋದರಮಾವನ ಕೆಲಸ."

"ಸೋದರಮಾವ ನೀನ ಅಲ್ಲೇನೋ ಹುಚ್ಚಪ್ಯಾ?"

"ನಾನ. ಆದ್ರ ಸೋದರಮಾವನ್ನ ಯಾರೂ ಕರದಿಲ್ಲ." ದನಿ ಏರಲಿಲ್ಲ. "ದಾಜಿ ನಿಮಗ ಪದ್ಧತಿ ಗೊತ್ತೈತಿ. ಕರೀದವರ ಕಾರ್ಯಕ್ಕ ನೀವೂ ಹೋಗಾಂಗಿಲ್ಲ, ನಾವೂ ಹೋಗಾಂಗಿಲ್ಲ. ನಿಮ್ಮಿಂದ ಕಲ್ತಿದ್ದ ನಾವು."

ಅವರು ಹೋದ ಮೇಲೆ ರಾಮಲಿಂಗ ಇಡೀ ಮಧ್ಯಾಹ್ನ ಆ ಮಾತಿನಲ್ಲಿ ಒಂದು ಸಂದು ಹುಡುಕಿದ. ಸಿಗಲಿಲ್ಲ. ತಾನೇ ಕಟ್ಟಿದ ಕಾನೂನು. ಸಂದು ಬಿಟ್ಟು ಕಟ್ಟಿದ್ದರೆ ತಾನೆ? ಸಂಜೆ ಪ್ರಮಿಳಾ ಮಗಳ ಬಾಸಿಂಗವನ್ನು ಪೆಟ್ಟಿಗೆಯಿಂದ ತೆಗೆದು, ಅದರ ಮುತ್ತಿನ ಎಳೆಗಳನ್ನು ಸರಿಮಾಡಿ, ಮತ್ತೆ ಒಳಗಿಟ್ಟಳು. ಅದನ್ನು ಹಾಗೆ ಸುಮ್ಮನೆ ತೆಗೆದು ಇಡುವುದನ್ನು ನೋಡಿದಾಗ ರಾಮಲಿಂಗನಿಗೆ ಮೊದಲ ಸಲ ಖರೇ ಭಯವಾಯಿತು. ಬರಿಯ ಹಣೆಯಲ್ಲಿ ಕೂತ ಮಗಳು ಕಣ್ಣ ಮುಂದೆ ಬಂದಳು, ಅಡಿಗೆಮನೆಯಲ್ಲಿ ಕೂತ ಹೆಂಡತಿ ಬಂದಳು, ಊಟ ಮಾಡುತ್ತಿರುವ ಇಡೀ ಖಾನಾಪುರ ಬಂತು.

"ಅಲ್ಲಾ, ಈಗ ಅಂವಾ ಬಂದು ನನ್ನ ಕರದಾ" ಎಂದ ಕೊನೆಗೆ. "ಇನ್ನ ನಾ ಹೋದ್ರ ಅದು ಬಗ್ಗಿದಂಗ ಅಲ್ಲ. ಅದು ಮರುಕರೆ."

"ಹಾಂ, ಮರುಕರೆ" ಎಂದಳು ಪ್ರಮಿಳಾ ಕೂಡಲೇ. ಅಂಥದೊಂದು ಪದ್ಧತಿ ಇದೆಯೆಂದು ಅವಳು ಎಂದೂ ಕೇಳಿರಲಿಲ್ಲ. "ಗುರುವಾರ ರಜಾ ಹಾಕ್ರಿ."

ಗುರುವಾರ ಕಾರಿನಲ್ಲಿ ಮಾತು ಕಡಿಮೆಯಿತ್ತು. ರಾಮಲಿಂಗ ಸ್ಟೇರಿಂಗ್ ಹಿಡಿದು ಮನಸ್ಸಿನಲ್ಲೇ ಕರಡು ಮಾಡುತ್ತಿದ್ದ. "ತಾವು ಸೋದರಮಾವನ ಸ್ಥಾನದಲ್ಲಿದ್ದು..." ಬಹಳ ಸರಕಾರಿಯಾಯಿತು. "ಹಿಂದಿನದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ..." ಇದು ಹಿಂದೆ ಏನೋ ಆಗಿದೆಯೆಂದು ಒಪ್ಪಿಕೊಂಡಂತೆ. ಹೀಗೆ ಹೊಡೆದು ಹೊಡೆದು ಖಾನಾಪುರ ಮುಟ್ಟುವ ಹೊತ್ತಿಗೆ ಒಂದು ವಾಕ್ಯ ಒಪ್ಪವಾಗಿ ಸಿದ್ಧವಾಗಿತ್ತು.

ಅದನ್ನು ಹೇಳಲು ಅವಕಾಶ ಸಿಗಬೇಕಲ್ಲ. ಗೇಟಿನಲ್ಲೇ ಯಲ್ಲೇಶ ಕೈ ಹಿಡಿದು ಒಳಗೆ ಕರೆದುಕೊಂಡ. ತನ್ನ ಭಟ್ಟಿಯ ಇಟ್ಟಂಗಿಯಿಂದಲೇ ಕಟ್ಟಿದ ಮನೆ. ಮುಂದಿನ ಗೋಡೆಗೆ ಗಿಲಾವು ಮಾಡಿಸದೆ ಕೆಂಪಗೆ ಹಾಗೇ ಬಿಟ್ಟಿದ್ದ. "ಮೊದಲ ಮನಿ ನೋಡ್ರಿ ದಾಜಿ" ಎಂದು ಕೋಣೆಯಿಂದ ಕೋಣೆಗೆ ಕರೆದೊಯ್ದ. "ಇಲ್ಲಿ ಆವತ್ತ ಹಾಲು ಉಕ್ಕಿಸಿದ್ವಿ. ಇಲ್ಲಿ ಆವತ್ತ ಪೂಜಾ ಮಾಡಸಾಕ ಐನಾರು ಕುಂತಿದ್ರು. ಈ ಪಡಸಾಲ್ಯಾಗ ಆವತ್ತ ಪಂಕ್ತಿ ಹಾಕಿದ್ವಿ, ಇಲ್ಲಿ ಒಂದ ಎಲಿ ಖಾಲಿ ಬಿಟ್ಟಿದ್ವಿ." ಯಾರಿಗೆಂದು ಅವನು ಹೇಳಲಿಲ್ಲ. ರಾಮಲಿಂಗ ಪ್ರತಿ ಕೋಣೆಯಲ್ಲೂ ಗೋಡೆ, ಮೇಲ್ಛಾವಣಿ, ಕಿಡಕಿಗಳನ್ನು ಮೆಚ್ಚಿದ. ತಪ್ಪು ಹುಡುಕಲು ಕಣ್ಣು ಹೋಗಲೇ ಇಲ್ಲವೆಂದರೆ ಸುಳ್ಳಾಗುತ್ತದೆ, ಆದರೆ ಬಾಯಿ ಹೋಗಲಿಲ್ಲ.

ಪಡಸಾಲೆಯ ಗೋಡೆಗೆ ಒರಗಿ ಭರಮವ್ವ ಕೂತಿದ್ದಳು. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನಪಾ, ದಾರಿ ಸಿಕ್ಕಿತೇನು?" ಎಂದಳು.

"ಸಿಕ್ಕಿತ್ರಿ ಅತ್ತಿ."

"ರೋಡ್ ಛಲೋ ಮಾಡ್ಯಾರ ಅಂತಾರ. ಮೊದಲ ಬಾಳ ಕೆಟ್ಟಿತ್ತು. ಎರಡ ವರ್ಷ ಯಾರೂ ಬರ್ತಿದ್ದಿಲ್ಲ."

ಆಮೇಲೆ ಊಟ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಕಾಳುಪಲ್ಯ, ಗೋಧಿ ಹುಗ್ಗಿ. ಹುಗ್ಗಿಯ ಮೇಲೆ ಮಾಯಕ್ಕ ತುಪ್ಪ ಹಾಕಿದ ರೀತಿಗೆ ಮಾತಾಡುವುದು ಸಾಧ್ಯವಿರಲಿಲ್ಲ. "ಇನ್ನಷ್ಟ ಹಾಕೋರಿ ಅಣ್ಣಾರ, ಎರಡ ವರ್ಷದ್ದು ಬಾಕಿ ಐತಿ" ಎಂದಳು. ರಾಮಲಿಂಗ ಎರಡು ಸಲ ಗಂಟಲು ಸರಿಮಾಡಿಕೊಂಡ. ಎರಡು ಸಲವೂ ಅದನ್ನು ನೀರು ಬೇಕೆಂದು ತಿಳಿದು ಯಲ್ಲೇಶ ತಂಬಿಗೆ ಮುಂದೆ ಮಾಡಿದ. ಊಟದ ನಂತರ ಭಟ್ಟಿಯ ಮಾತು ಬಂತು, ಮಣ್ಣಿನ ಮಾತು ಬಂತು, ಹುಕ್ಕೇರಿಯ ಬೀಗರ ಗುಣದ ಮಾತು ಬಂತು. ಹೊರಡುವಾಗ ಮಾಯಕ್ಕ ಪ್ರಮಿಳಾಳ ಉಡಿ ತುಂಬಿದಳು. ಎಲ್ಲರೂ ಗೇಟಿನ ತನಕ ಬಂದು ಕಳಿಸಿದರು. ರಾಮಲಿಂಗನಿಗೆ ಹೊಟ್ಟೆ ತುಂಬಿತ್ತು, ಮನಸ್ಸು ಹಗುರಾಗಿತ್ತು. ದಾರಿಯಲ್ಲಿ ಒಂದೆರಡು ಕಡೆ ಗುನುಗಿದ ಕೂಡ.

ಬೆಳಗಾವಿಯ ಅಂಚಿನ ಪೀರನವಾಡಿಯಲ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಉಡಿಯ ತೆಂಗಿನಕಾಯಿ ಉರುಳಿತೆಂದು ಪ್ರಮಿಳಾ ಚೀಲಕ್ಕೆ ಕೈ ಹಾಕಿದಳು. ಕಾಯಿಯ ಜೊತೆ ಕೈಗೆ ಕುಂಕುಮದ ಭರಣಿ ಬಂತು, ಅದರ ಕೆಳಗಿದ್ದ ಲಕೋಟೆ ಬಂತು.

"ರೀ."

"ಏನು?"

"ಕರೀಲೇ ಇಲ್ಲ ನಾವು."

ಹಿಂದಿನ ಲಾರಿಯವನು ಹಾರ್ನು ಹೊಡೆಯುತ್ತಲೇ ಇದ್ದ. ರಾಮಲಿಂಗ ಲಕೋಟೆಯನ್ನು ನೋಡಿದ. ಅದರ ಮೇಲೆ ತನ್ನದೇ ಅಕ್ಷರ.

"ಇರಲಿ ಬಿಡ್ರಿ" ಎಂದಳು ಪ್ರಮಿಳಾ. ಎರಡು ವರ್ಷದ ಮೇಲೆ ಗಂಡ ತವರಿನಲ್ಲಿ ಉಂಡಿದ್ದ. ಅವಳಿಗೆ ಅಷ್ಟೇ ಬಹಳವಾಗಿತ್ತು. "ಮನಿ ತನಕಾ ಹೋಗಿ ಬಂದೇವಲ್ಲಾ, ಅದ ಕರದಂಗ ಆತು. ಬೇಕಂದ್ರ ಒಂದ ಫೋನ ಹಚ್ಚಿ ಹೇಳ್ರಿ."

"ಫೋನಿನ್ಯಾಗ ಹೇಳಿದ್ದು ಸುದ್ದಿ."

"ಅಯ್ಯ, ನನ್ನ ತಮ್ಮ ಏನ ತಿಳಕೊಳಾಂಗಿಲ್ಲ."

"ನಿನ್ನ ತಮ್ಮ ತಿಳಕೊಳ್ಳಲಿ ಬಿಡಲಿ, ನನಗ ಗೊತ್ತೈತಿ ಅಲ್ಲ? ಹೋದ್ವಿ, ಮನಿ ನೋಡಿದ್ವಿ, ಉಂಡ್ವಿ, ಬಂದ್ವಿ. ಅದರಾಗ ಕರದದ್ದು ಎಲ್ಲೈತಿ?" ರಾಮಲಿಂಗ ಕಿಡಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದ. "ಏ, ಸರೀರಪಾ ಸ್ವಲ್ಪ ಬಾಜುಕ. ಗಾಡಿ ತಿರುಗಿಸಬೇಕು."

ಪ್ರಮಿಳಾ ಅವನ ಮುಖವನ್ನೇ ನೋಡುತ್ತ ಕೂತಳು. ಈ ಮನುಷ್ಯನ ಹಟದ ಸಲುವಾಗಿ ಇಷ್ಟು ವರ್ಷ ಅವಳು ಪಟ್ಟ ಪಾಡಿಗೆ ಲೆಕ್ಕವಿಲ್ಲ. ಅದೇ ಹಟ ಇಂದು ಖಾನಾಪುರದ ಕಡೆ ಮುಖ ಮಾಡಿ ಗೇರು ಬದಲಿಸುತ್ತಿತ್ತು.

ಅವರು ಮತ್ತೆ ಗೇಟು ತೆರೆದಾಗ ಯಲ್ಲೇಶ ಬರೀ ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕೂತಿದ್ದ, ಬಾಜುವಿಗೆ ಅವನ ತಾಯಿ ಎಲೆ ಅಡಿಕೆ ಮಡಿಸುತ್ತಿದ್ದಳು.

"ಏನ ಬಿಟ್ಟ ಹೋಗಿದ್ರಿ ದಾಜಿ?"

"ಮಾತ ಬಿಟ್ಟ ಹೋಗಿದ್ದೆ" ಎಂದ ರಾಮಲಿಂಗ. "ನಿನ್ನ ಕರಿಯೂದ ಮರತೆ."

ಯಲ್ಲೇಶ ಗಡಬಡಿಸಿ ಎದ್ದ. "ತಡೀರಿ, ತಡೀರಿ. ಬರೇ ಬನಿಯನ್ ಮ್ಯಾಲ ಅದೀನಿ. ಹಿಂಗ ಕರಸ್ಕೋಬಾರ್ದು." ಒಳಗೆ ಓಡಿ, ಅಂಗಿ ಹಾಕಿ, ಟೊಪ್ಪಿಗೆ ಇಟ್ಟುಕೊಂಡು, ಹೆಂಡತಿಯನ್ನೂ ಕರೆದುಕೊಂಡು ಬಂದು, ಪಡಸಾಲೆಯ ನಡುವೆ ನೆಟ್ಟಗೆ ನಿಂತ. ಅವನ ಮುಖದಲ್ಲಿ ನಗುವಿರಲಿಲ್ಲ. ಎರಡು ವರ್ಷ ಕಾದದ್ದು ಇದಕ್ಕೇ ಎಂಬುದು ಆಗ ಕಾಣಿಸಿತು.

ಬೆಳಿಗ್ಗೆ ಸಿದ್ಧಮಾಡಿದ ವಾಕ್ಯ ರಾಮಲಿಂಗನ ಬಾಯಿಗೆ ಬರಲಿಲ್ಲ. ಹುಗ್ಗಿಯ ಜೊತೆ ಇಳಿದುಹೋಗಿತ್ತೇನೋ. ಚಾಚಿದ ಯಲ್ಲೇಶನ ಕೈಗಳ ಮುಂದೆ ಅವನು ಒಂದು ಕ್ಷಣ ನಿಂತ. ಆಮೇಲೆ ಪಕ್ಕಕ್ಕೆ ತಿರುಗಿ, ಒಳಗೆ ಬಂದು ಕೂತಿದ್ದ ಭರಮವ್ವನ ಮುಂದೆ ಬಗ್ಗಿ, ಲಕೋಟೆಯನ್ನು ಅವಳ ಕೈಯಲ್ಲಿಟ್ಟ.

"ಅತ್ತೀ, ಮೊಮ್ಮಗಳ ಲಗ್ನ ಐತ್ರಿ. ನೀವು ಮುಂದ ನಿಂತು ಮಾಡಿಸಿಕೊಡಬೇಕು. ಬಾಸಿಂಗ ಕಟ್ಟಾಕ ನಿಮ್ಮ ಮಗನ್ನ ಕರಕೊಂಡ ಬರ್ರಿ."

ಭರಮವ್ವ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. "ನೀವು ಉಣ್ಣಾಕ ಕುಂತಾಗನ ನೆನಪ ಮಾಡಿಕೊಡ್ತೀನಿ ಅಂದಾ ಇಂವಾ" ಎಂದಳು, ಮಗನ ಕಡೆ ಗದ್ದ ಎತ್ತಿ. "ನಾನ ಬ್ಯಾಡ ಅಂದೆ. ನೆನಪಾದ್ರ ತಾನ ಬರ್ತಾನ, ಆಗದಿದ್ರ ನೆನಪ ಮಾಡಿಕೊಟ್ಟು ಏನ ಉಪಯೋಗ ಅಂದೆ." ಪತ್ರಿಕೆಯನ್ನು ಮಗನ ಕೈಗೆ ದಾಟಿಸಿದಳು. "ತಗೋ. ಕರದಾರ ನೋಡು."

ಪ್ರಮಿಳಾ ಮಾಯಕ್ಕನಿಗೆ ಹಚ್ಚಿದ ಕುಂಕುಮ ಹಣೆಯ ತುಂಬ ಆಯಿತು.

"ಬರ್ತಿ ಹೌದಲ್ಲೋ?" ಎಂದ ರಾಮಲಿಂಗ.

"ಬರದ ಏನ ಮಾಡ್ಲಿ ದಾಜಿ? ಇಡೀ ಖಾನಾಪುರ ಕರದೀನಿ. ನಾನ ಇಲ್ಲಾಂದ್ರ ಅವರು ನನ್ನ ಸುಮ್ಮ ಬಿಡ್ತಾರೇನು?" ಯಲ್ಲೇಶ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಅಲ್ಲಾ, ಈಗ ಒಂದ ತೊಂದ್ರಿ ಆತಲ್ಲ. ನಾ ಒಳಗ ಬಾಸಿಂಗ ಕಟ್ಟಾಕ ಹೋದ್ರ ಬಾಗಲದಾಗ ಯಾರು ನಿಂದರೂದು?"

ಎಲ್ಲರೂ ರಾಮಲಿಂಗನ ಕಡೆ ನೋಡಿದರು.

"ನಾ ನಿಂದರ್ತೀನಿ. ಆದ್ರ ನಿಮ್ಮ ಖಾನಾಪುರದ ಮಂದಿಗೆ ನನ್ನ ಗುರ್ತ ಎಲ್ಲೈತಿ?"

"ಹುಡಿಗಿ ಅಪ್ಪ ಅಂತ ಹೇಳ್ಕೋರಿ" ಎಂದ ಯಲ್ಲೇಶ. "ನಂಬತಾರ."

"ಬಂದವರಿಗೆ ಏನಂತ ಹೇಳ್ಲಿ?"

"ಬರ್ರಿ ಅನ್ನರಿ."

ರಾಮಲಿಂಗ ಆ ಮಾತನ್ನು ಕರಡಿನ ಹಾಗೆ ಮನಸ್ಸಿನಲ್ಲಿ ತಿರುಗಿಸಿ ನೋಡಿದ. "ಬರೇ ಅಷ್ಟ?" ಎಂದ.